ಮೂರು ಗೆಡ್ಡೆ, ಒಂದು ಚಳಿಗಾಲ

ತೋಟದ ಗೇಟಿನಲ್ಲಿ ಕೂತು ಟಿಕೆಟ್ ಹರಿದುಕೊಡುವವನು ನಾನು. ಗಿಡಗಳ ವಿಷಯದಲ್ಲಿ ಓನಾಮವೂ ಬಾರದು. ಆದರೂ ದೊಡ್ಡಕ್ಕನ ಬಗ್ಗೆ ಬರೆಯಲು ಕೂತಿದ್ದೇನೆ. "ಮುದುಕಿಗೆ ಅರಳುಮರಳು, ಯಾವುದೋ ಮಾಮೂಲಿ ಹಳದಿ ಹೂವನ್ನೇ ಹೊಸ ತಳಿ ಅಂದ್ಕೊಂಡಿದ್ಲಂತೆ" ಎಂದು ಕೆಲಸದವರೆಲ್ಲ ಆಡಿಕೊಂಡು ನಗುತ್ತಿದ್ದಾರೆ. ಅವಳಾಗಿ ಬಾಯಿ ಬಿಡುವವಳಲ್ಲ. ನನಗೋ ಬಾಯಿ ಮುಚ್ಚಿಕೊಂಡಿದ್ದು ಅಭ್ಯಾಸವಿಲ್ಲ.

ನಮ್ಮದು ಬೆಟ್ಟದ ಮೇಲಿನ ಸರ್ಕಾರಿ ಹೂದೋಟ. ವರ್ಷದಲ್ಲಿ ಐದು ತಿಂಗಳು ಹಿಮ ಬಿದ್ದು ಮುಚ್ಚಿರುತ್ತದೆ. ಆಗ ಎಲ್ಲರೂ ಕೆಳಗಿಳಿದು ಹೋಗುತ್ತಾರೆ. ಉಳಿಯುವವರು ಮೂವರೇ: ದೊಡ್ಡಕ್ಕ, ಅವಳ ತಂಗಿ ಚಿಕ್ಕಕ್ಕ, ಮತ್ತೆ ನಾನು. ದೊಡ್ಡಕ್ಕ ಮೂವತ್ತು ವರ್ಷದಿಂದ ಟ್ಯೂಲಿಪ್ ಪಾತಿಗಳನ್ನು ನೋಡಿಕೊಂಡವಳು. ಕಾಲಿಗೆ ಎರಡು ಅಳತೆ ದೊಡ್ಡದಾದ ಗಂಡಸರ ರಬ್ಬರ್ ಬೂಟು, ಅದು ಜಾರದಿರಲಿ ಎಂದು ಮೂರು ಜೊತೆ ಕಾಲುಚೀಲ. ಗಿಡಗಳನ್ನು ಬಯ್ಯುತ್ತಾಳೆಯೇ ಹೊರತು ಹೊಗಳುವುದಿಲ್ಲ. "ಹೊಗಳಿದ್ರೆ ಅಟ್ಟಕ್ಕೇರಿ ಕೂತ್ಕೋತಾವೆ ಕಣೋ ಗೇಟಪ್ಪ" ಎನ್ನುತ್ತಾಳೆ. ನನಗೆ ಆ ಹೆಸರಿಟ್ಟವಳೂ ಅವಳೇ.

ತಾಯಿ ತೀರಿಕೊಂಡಾಗ ದೊಡ್ಡಕ್ಕನಿಗೆ ಹದಿನೆಂಟು, ತಂಗಿಗೆ ಆರು. ಎತ್ತಿ ಆಡಿಸಿ ಬೆಳೆಸಿದ್ದು ಅಕ್ಕನೇ. ಕೈ ಹಿಡಿದು ಕೆಲಸ ಕಲಿಸಿ, ಮೇಲಿನವರ ಕೈಕಾಲು ಹಿಡಿದು ಇದೇ ತೋಟದಲ್ಲಿ ಕೆಲಸ ಕೊಡಿಸಿದ್ದೂ ಅವಳೇ. ಸಲಕರಣೆ ಕೋಣೆಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇರುತ್ತಿದ್ದರು.

ಈಗ ಆ ಹೂವಿನ ಕಥೆ. ಎಂಟು ವರ್ಷದ ಹಿಂದೆ ದೊಡ್ಡಕ್ಕ ಎರಡು ಬಗೆಯ ಟ್ಯೂಲಿಪ್ ಕೂಡಿಸಿ ಬೀಜ ಮಾಡಿದಳು. ಬೀಜದಿಂದ ಬಂದ ಗಿಡ ಹೂ ಬಿಡಲು ಏಳು ವರ್ಷ ಬೇಕು. ಬಂದದ್ದರಲ್ಲಿ ಮುಕ್ಕಾಲು ಪಾಲು ಕೊಳೆಯಿತು, ಉಳಿದದ್ದನ್ನು ಇಲಿ ತಿಂದಿತು. ಕೊನೆಗೆ ಉಳಿದ ಒಂದೇ ಒಂದು ಗೆಡ್ಡೆ ಹೋದ ವಸಂತದಲ್ಲಿ ಅರಳಿತು. ಬದನೆಕಾಯಿಯ ಬಣ್ಣ, ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿ. ಗಿಡ ಗೊತ್ತಿಲ್ಲದ ನಾನೂ ಬಾಯಿ ಬಿಟ್ಟುಕೊಂಡು ನಿಂತೆ. ತೋಟ ಇನ್ನೂ ತೆರೆದಿರಲಿಲ್ಲ, ನೋಡಿದ್ದು ನಾವು ಮೂವರೇ. ಗಾಳಿಗೆ ಎಲೆ ಹರಿದು, ನಾಲ್ಕೇ ದಿನಕ್ಕೆ ಹೂವೂ ಉದುರಿತು. ಎರಡನೆಯ ವರ್ಷವೂ ಅದೇ ಬಣ್ಣ ಬಂದರೆ ಮಾತ್ರ ಅದು ಹೊಸ ತಳಿ. ಆಗ ಅದಕ್ಕೊಂದು ಹೆಸರು, ಬೆಳೆಸಿದವಳಿಗೊಂದು ಹೆಸರು. ಇನ್ನೆರಡು ವರ್ಷಕ್ಕೆ ದೊಡ್ಡಕ್ಕನ ನಿವೃತ್ತಿ. ಮತ್ತೊಂದು ಬೀಜ ಬಿತ್ತಿ ಕಾಯುವಷ್ಟು ಕಾಲ ಅವಳಿಗಿರಲಿಲ್ಲ.

ಬೇಸಿಗೆಯಲ್ಲಿ ಕಿತ್ತು ನೋಡಿದರೆ ಒಂದು ಗೆಡ್ಡೆ ಮೂರಾಗಿತ್ತು. ಹಿಮ ಬೀಳುವ ಮೊದಲು ಗೋಡೆಯ ಪಕ್ಕದ ಸಣ್ಣ ಪಾತಿಯಲ್ಲಿ ಅವಳೊಬ್ಬಳೇ ಕೂತು ಅವನ್ನು ನೆಟ್ಟಳು. ಮಾರನೆಯ ದಿನವೇ ಮಂಡಿ ಊದಿಕೊಂಡು ಹೆಜ್ಜೆ ಇಡಲಾಗದೆ, ಹತ್ತು ದಿನ ಕೆಳಗಿನ ಆಸ್ಪತ್ರೆ ಸೇರಿದಳು. ಆ ಹತ್ತು ದಿನದಲ್ಲೇ ಒಂದು ಬೆಳಿಗ್ಗೆ ಚಿಕ್ಕಕ್ಕ ನನ್ನ ಕೈಗೆ ಮುಚ್ಚಿದ ಬುಟ್ಟಿಯೊಂದನ್ನು ಕೊಟ್ಟು, "ಕೆಳಗಿನ ನರ್ಸರಿ ವ್ಯಾನ್ ಬರುತ್ತೆ, ಡ್ರೈವರ್ ಕೈಗೆ ಕೊಟ್ಬಿಡಪ್ಪ. ಯಾವ್ದೋ ಸಸಿ ಕೇಳಿದ್ರು" ಎಂದಳು. ನಾನು ಮಹಾ ಉಪಕಾರಿ ನೋಡಿ, ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟು ಬಂದೆ.

ಆಮೇಲೆ ಹಿಮ ಬಿತ್ತು. ಸಲಕರಣೆ ಕೋಣೆಯಲ್ಲಿ ಒಲೆ ಹಚ್ಚಿ ನಾವು ಮೂವರೂ ಕೂರುತ್ತಿದ್ದೆವು. ಗುದ್ದಲಿಗೆ ಕಾವು ಹಾಕುವುದು, ಬೀಜದ ಪೊಟ್ಟಣಕ್ಕೆ ಚೀಟಿ ಅಂಟಿಸುವುದು, ಚಹಾ ಕುಡಿಯುವುದು, ಮತ್ತೆ ಚಹಾ ಕುಡಿಯುವುದು. ಕಿಟಕಿಯಿಂದ ಆ ಪಾತಿ ಕಾಣುತ್ತಿತ್ತು. ಕಾಣುವುದೇನು ಬಂತು, ಹಿಮದಿಂದ ಒಂದು ಗೇಣು ಮೇಲೆ ಬಂದ ಗುರುತಿನ ಕೋಲು. ದೊಡ್ಡಕ್ಕ ಅದನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಚಿಕ್ಕಕ್ಕ ಅವಳ ಮಂಡಿಗೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಅಕ್ಕತಂಗಿಯರು ಅಷ್ಟು ನಕ್ಕದ್ದನ್ನು ನಾನು ಯಾವ ವರ್ಷವೂ ಕಂಡಿರಲಿಲ್ಲ.

"ಮೂರೂ ಬರುತ್ತೆ ಅಂತೀಯಾ?" ಎಂದು ಅಕ್ಕ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು.

"ಬರ್ದೆ ಎಲ್ಲಿಗೆ ಹೋಗುತ್ತೆ? ಸುಮ್ನೆ ಕಾಲು ಚಾಚು" ಎನ್ನುತ್ತಿದ್ದಳು ತಂಗಿ.

ಹಿಮ ಕರಗಿತು. ಒಂದು ಬೆಳಿಗ್ಗೆ ಪಾತಿಯಲ್ಲಿ ಮೂರು ಹಸಿರು ಮೊಳಕೆ. ನಾನು ಕುಣಿಯುವುದೊಂದು ಬಾಕಿ. ಎರಡು ವಾರದಲ್ಲಿ ಮೊದಲ ಅಗಲ ಎಲೆ ಬಿಚ್ಚಿಕೊಂಡಿತು. ಅದನ್ನು ನೋಡಿದವಳೇ ದೊಡ್ಡಕ್ಕ ಅಲ್ಲೇ ಕುಕ್ಕರಿಸಿದಳು.

"ಇದು ನಾನು ನೆಟ್ಟಿದ್ದಲ್ಲ ಕಣೋ."

ಟ್ಯೂಲಿಪ್ ಗೆಡ್ಡೆಗೆ ಒಂದು ಮಗ್ಗುಲು ಚಪ್ಪಟೆಯಂತೆ. ಮೊದಲ ಅಗಲ ಎಲೆ ಆ ಮಗ್ಗುಲಿಗೇ ಬರುತ್ತದಂತೆ. ಅದಕ್ಕೇ ನಮ್ಮ ತೋಟದಲ್ಲಿ ಎಲ್ಲ ಗೆಡ್ಡೆಗಳನ್ನೂ ಚಪ್ಪಟೆ ಮಗ್ಗುಲು ದಾರಿಯ ಕಡೆಗಿಟ್ಟು ನೆಡುತ್ತಾರೆ. ಎಲೆ ಮುಂದೆ ಬಾಗಿ ಪಾತಿ ತುಂಬಿದ ಹಾಗೆ ಕಾಣುತ್ತದೆ. ದೊಡ್ಡಕ್ಕ ತಂಗಿಗೆ ಕಲಿಸಿದ ಮೊದಲ ಪಾಠವೇ ಇದು. ಆದರೆ ಹೋದ ವರ್ಷ ದಾರಿಯ ಕಡೆಯಿಂದ ಬೀಸಿದ ಗಾಳಿಗೆ ಎಲೆ ಹರಿದಿತ್ತಲ್ಲ, ಅದಕ್ಕೆ ಆ ಮೂರನ್ನು ಮಾತ್ರ ಅವಳು ಗೋಡೆಯ ಕಡೆ ತಿರುಗಿಸಿ ನೆಟ್ಟಿದ್ದಳು. ಸಣ್ಣ ವಿಷಯ, ಯಾರಿಗೂ ಹೇಳಿರಲಿಲ್ಲ. ಈಗ ಮೂರೂ ಎಲೆ ಅಚ್ಚುಕಟ್ಟಾಗಿ ದಾರಿಯ ಕಡೆಗೆ ಬಾಗಿದ್ದವು. ಆತುರದಲ್ಲಿ ಅಗೆದವಳು ಒಳಗಿದ್ದ ಗೆಡ್ಡೆಗಳ ಚಪ್ಪಟೆ ಮಗ್ಗುಲು ಯಾವ ಕಡೆಗಿತ್ತೆಂದು ನೋಡಿಕೊಂಡಿರಲಿಲ್ಲ. ಅವುಗಳ ಬದಲಿಗೆ ಬೇರೆ ಗೆಡ್ಡೆ ಇಡುವಾಗ ಮಾತ್ರ ಅಕ್ಕನ ಪಾಠ ಮರೆತಿರಲಿಲ್ಲ.

ನನಗೆ ಬುಟ್ಟಿ ನೆನಪಾಯಿತು. ನಾಲಿಗೆ ತೊದಲುತ್ತಲೇ ಹೇಳಿದೆ. ಹೇಳುವಾಗ ಎರಡೂ ಕೈ ಕತ್ತರಿಸಿ ಎಸೆಯಬೇಕು ಅನ್ನಿಸಿತು. ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ.

"ನನಗೇ ನೆನಪು ತಪ್ಪಿರ್ಬೋದು. ಅರಳೋವರೆಗೂ ತುಟಿ ಬಿಚ್ಚಬೇಡ" ಎಂದಳು.

ಎಂಥ ನೆನಪು ತಪ್ಪುವುದು! ಮೂವತ್ತು ವರ್ಷದಲ್ಲಿ ಒಂದು ಗೆಡ್ಡೆಯ ಲೆಕ್ಕ ತಪ್ಪದವಳು. ತಂಗಿಯನ್ನು ಕಳ್ಳಿ ಎನ್ನುವುದಕ್ಕಿಂತ ತಾನು ಮರೆಗುಳಿಯಾಗುವುದೇ ಮೇಲು ಎಂದುಕೊಂಡಳು, ಅಷ್ಟೇ. ಮತ್ತೆ ಮೂರು ವಾರ ಆ ಮನೆಯಲ್ಲಿ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಂಡಳು. ಅಷ್ಟರಲ್ಲಿ ಚಿಕ್ಕಕ್ಕನಿಗೆ ಕೆಳಗಿನ ನರ್ಸರಿಯಿಂದ ಕಾಗದ ಬಂತು. ಗೆಡ್ಡೆ ವಿಭಾಗಕ್ಕೆ ಅವಳೇ ಮುಖ್ಯಸ್ಥೆಯಂತೆ. ದೊಡ್ಡಕ್ಕ ಆ ಕಾಗದವನ್ನು ಓದಿ, ಮಡಚಿ, ವಾಪಸ್ ಕೊಟ್ಟಳು.

ಹೂವು ಅರಳಿತು. ಮೂರೂ ಹಳದಿ. ತೋಟದ ತುಂಬ ಸಾವಿರಗಟ್ಟಲೆ ಇರುವ ಅದೇ ಹಳದಿ.

"ಅಯ್ಯೋ ಅಕ್ಕಾ! ಬಣ್ಣ ನಿಲ್ಲಲೇ ಇಲ್ವಲ್ಲ!" ಎಂದು ಚಿಕ್ಕಕ್ಕ ಎದೆಗೆ ಕೈ ಹಚ್ಚಿದಳು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

"ನಾನು ಎಲೆನ ಗೋಡೆ ಕಡೆಗಿಟ್ಟಿದ್ದೆ ಕಣೇ" ಎಂದಳು ದೊಡ್ಡಕ್ಕ.

ಚಿಕ್ಕಕ್ಕ ಎಲೆಗಳನ್ನು ನೋಡಿದಳು. ಎದೆಯ ಮೇಲಿದ್ದ ಕೈ ಕೆಳಗಿಳಿಯಿತು. ಕೆಲಸ ಗೊತ್ತಿದ್ದವಳು, ವಿವರಿಸಿ ಹೇಳಬೇಕಾಗಲಿಲ್ಲ.

"ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು?"

"ಕೊಡ್ತಿದ್ದೆ. ಅದೇ ಬೇಡ್ವಾಗಿತ್ತು ನಂಗೆ. ಅನ್ನ ನೀನು ಕೊಟ್ಟೆ, ಬಟ್ಟೆ ನೀನು ಕೊಟ್ಟೆ, ಕೆಲಸ ನೀನು ಕೊಡಿಸ್ದೆ. ನಂಗೀಗ ನಲವತ್ತಾರು ವರ್ಷ ವಯಸ್ಸು, ಇನ್ನೂ ನಾನು ಚಿಕ್ಕಕ್ಕ. ಒಂದಾದ್ರೂ ನೀನು ಕೊಡದೆ ನಂಗೆ ಸಿಗ್ಬೇಕಿತ್ತು."

ಅಬ್ಬಾ, ಎಂಥ ಮಾತು! ಕದ್ದ ಮಾಲು ತನ್ನ ಸಂಪಾದನೆಯಂತೆ. ಎರಡು ಬಿಡೋಣ ಎಂದು ನಾನು ಮುಂದೆ ಹೋದೆ. ದೊಡ್ಡಕ್ಕ ಕೈ ಅಡ್ಡ ಹಿಡಿದಳು.

"ಒಂದೇ ಒಂದು ಹೇಳ್ಬಿಡು. ಐದು ತಿಂಗಳು ಒಲೆ ಮುಂದೆ ಕೂತು, ಬರುತ್ತಾ ಬರುತ್ತಾ ಅಂತ ಕೇಳ್ತಿದ್ನಲ್ಲ. ನನ್ನ ಕಾಲು ಒತ್ತುತ್ತಾ ನಿಂಗೆ ಏನನ್ನಿಸ್ತಿತ್ತು?"

ಚಿಕ್ಕಕ್ಕ ಬಗ್ಗಿ ಒಂದು ಎಲೆಯ ಮೇಲಿನ ಮಣ್ಣು ಒರೆಸಿದಳು. ಆಮೇಲೆ ಹೇಳಿದಳು: "ಪಾಪ ಅನ್ನಿಸ್ತಿತ್ತು ಅಕ್ಕಾ. ಅದಕ್ಕೇ ಅಷ್ಟು ಚೆನ್ನಾಗಿ ನೋಡ್ಕೊಂಡೆ."

ಮಧ್ಯಾಹ್ನದ ಬಸ್ಸಿಗೆ ಅವಳು ಹೋದಳು. ಪೆಟ್ಟಿಗೆ ಅವಳೇ ಹೊತ್ತಳು. ನಾನು ಕೈ ಹಾಕಲಿಲ್ಲ. ವಾಪಸ್ ಬಂದು ನೋಡಿದರೆ ದೊಡ್ಡಕ್ಕ ಪಾತಿಯ ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ಪಕ್ಕದಲ್ಲಿ ಕೂತೆ. ನರ್ಸರಿ ಸೇರಿದ ಆ ಹೂವು ದೊಡ್ಡಕ್ಕನದೇ ಎಂದು ಮೇಲಿನವರಿಗೆ ಬರೆಯೋಣ, ನಾನೇ ಸಾಕ್ಷಿ ಹೇಳುತ್ತೇನೆ ಎಂದೆ.

"ಹೂವು ಹೋದ್ರೆ ಹೋಗ್ಲಿ ಬಿಡೋ ಗೇಟಪ್ಪ" ಎಂದಳು. "ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೇ ಚಳಿಗಾಲ ಕಂಡೇ ಇಲ್ಲ ಅನ್ಕೊಂಡಿದ್ದೆ ಕಣೋ ನಾನು."