ತಾಳಿಕೋಟೆಗೆ ಕರೆದೊಯ್ಯದ ಸರ್

ನಮ್ಮ ಕಬಡ್ಡಿ ಸರ್ ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಹರೆಯದಲ್ಲಿ ಯಾರದೋ ಕಾಲು ಹಿಡಿಯಲು ಹೋಗಿ ಮುರಿದುಕೊಂಡದ್ದಂತೆ. ಚಹಾ ಕಪ್ಪು ಎತ್ತಿದರೆ ಆ ಬೆರಳು ಎದುರಿಗೆ ಕುಳಿತವರತ್ತ ನೆಟ್ಟಗೆ ಚಾಚಿ, ಕಳ್ಳ ನೀನೇ ಎಂದಂತಾಗುತ್ತಿತ್ತು. ಸ್ವಭಾವವೂ ಹಾಗೇ. ಬಸ್ಸು ತಪ್ಪಿತು ಎಂದರೆ ಯಾವ ಬಸ್ಸು, ಕಂಡಕ್ಟರ್ ಯಾರು ಎಂದು ಕೇಳುವರು. “ಬಾಯಿ ಏನರೆ ಹೇಳತೈತಿ, ಮೈ ಸುಳ್ಳು ಹೇಳಂಗಿಲ್ಲ” ಎನ್ನುವರು.

ತೊಂಬತ್ತರ ದಶಕದ ಕೊನೆ. ನಾನು ಸಿಂದಗಿಯಲ್ಲಿ ಪಿಯುಸಿ ಓದುತ್ತ, ಕಾಲೇಜಿನ ಹುಡುಗಿಯರ ತಂಡದಲ್ಲಿ ಆಡುತ್ತಿದ್ದೆ. ಅಭ್ಯಾಸದಲ್ಲಿ ನಡುಗೆರೆ ಮುಟ್ಟಲು ಚಾಚಿದಾಗ ಮೂವರು ನನ್ನ ಬೆನ್ನ ಮೇಲೆ ಬಿದ್ದರು. ಬಿಜಾಪುರದ ಡಾಕ್ಟರು ನಾಲ್ಕು ತಿಂಗಳು ಆಟ ಬೇಡವೆಂದರು. ತಾಳಿಕೋಟೆಯ ಪಂದ್ಯ ಹತ್ತಿರವಿತ್ತು. ಬೆನ್ನು ನೆಟ್ಟಗಾಯಿತೆಂದು ಅಪ್ಪನಿಗೂ ಗೆಳತಿಯರಿಗೂ ಹೇಳಿ ಎರಡೇ ತಿಂಗಳಿಗೆ ನಾನು ಮೈದಾನದಲ್ಲಿದ್ದೆ.

“ನೋವೈತೇನು?”

“ಇಲ್ರಿ ಸರ, ಪೂರಾ ಹೋಗೇತ್ರಿ.”

ಅವರು ಮುಖ ನೋಡಲಿಲ್ಲ. ಕೈಯಲ್ಲಿದ್ದ ಸೀಟಿ ನೆಲಕ್ಕೆ ಹಾಕಿ, “ಎತ್ತಿಕೊಡು” ಎಂದರು. ಹಲ್ಲು ಕಚ್ಚಿ ಎತ್ತಿದೆ. “ಹೋಗು, ಕುಂದರು” ಎಂದರು, ಅಷ್ಟೇ.

ನನ್ನ ಜಾಗದಲ್ಲಿ ಅವರ ತಂಗಿಯ ಮಗಳು ಆಡತೊಡಗಿದಳು. ಗೆಳತಿಯರು ಕಣ್ಣು ಹೊಡೆದರು. ಒಂದು ಸಂಜೆ ಸರ್ ನಮ್ಮ ಮನೆಯಿಂದ ಹೊರಬೀಳುವುದನ್ನು ಕಂಡೆ. ಒಳಗೆ ಅವ್ವ ಕಪ್ಪು ತೊಳೆಯುತ್ತಿದ್ದಳು. ಯಾಕೆ ಬಂದಿದ್ದರು ಎಂದರೆ “ಹಂಗs ಬಂದಿದ್ರು” ಎಂದು ಮುಖ ತಿರುಗಿಸಿದಳು. ಆಟ ಬಿಡಿಸಲು ಅಪ್ಪ ಒಂದು ನೆಪಕ್ಕಾಗಿ ಕಾಯುತ್ತಿದ್ದ. ಆ ನೆಪ ಕೊಡಲೆಂದೇ ಈ ಮನುಷ್ಯ ಬಂದಿದ್ದಾನೆ ಎಂದುಕೊಂಡೆ.

ಮರುದಿನ ಎಲ್ಲರೆದುರು ಕೇಳಿಯೇಬಿಟ್ಟೆ: “ನಿಮ್ಮ ತಂಗಿ ಮಗಳು ಆಡ್ಲಿ ಅಂತ ನನ್ನ ಕುಂದರ್ಸೀರೇನ್ರಿ ಸರ?”

ಅವರು ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಮುಂಜಾನೆ ಗ್ವಾಡಿ ಹಿಡಕೊಂಡು ಯಾಕ ಏಳ್ತೀಯವ್ವ?” ಎಂದರು.

ಗೋಡೆ ಹಿಡಿಯದೆ ನಾನು ಹಾಸಿಗೆಯಿಂದ ಏಳಲಾರೆನೆಂಬುದು ಅವ್ವನಿಗಷ್ಟೇ ಗೊತ್ತಿತ್ತು. ಅವ್ವನನ್ನು ಪೀಡಿಸಿ ಹೇಳಿಸಿದ್ದರು. ಅಪ್ಪನಿಗೆ ತಿಳಿಸಬೇಡಿರೆಂದೂ ಹೇಳಿ ಹೋಗಿದ್ದರಂತೆ: “ಬೆನ್ನು ಕೆಟ್ಟೈತಿ ಅಂತ ಊರಾಗ ಸುದ್ದಿ ಆದ್ರ ನಾಳೆ ಹುಡುಗಿ ಲಗ್ನಕ್ಕ ತೊಡಕು. ಆಟಾನೂ ನಿಂದರತೈತಿ.”

ತಾಳಿಕೋಟೆಯಲ್ಲಿ ನಮ್ಮವರು ಒಂದೇ ಅಂಕದಿಂದ ಸೋತರು. ತಂಗಿಯ ಮಗಳನ್ನು ಆಡಿಸಿ ಸೋಲಿಸಿದ ಎಂದು ಊರೆಲ್ಲ ಆಡಿಕೊಂಡಿತು. ಪ್ರಾಚಾರ್ಯರು ಕರೆಸಿ ವಿಚಾರಿಸಿದರು. “ಯಾರನ್ನ ಆಡಿಸಬೇಕು ಅನ್ನೂದು ನನಗ ಬಿಟ್ಟದ್ದರಿ” ಎಂದಷ್ಟೇ ಹೇಳಿ ಬಂದರು. ನಾನು ಸುಮ್ಮನಿದ್ದೆ. ಯಾರೂ ನನ್ನನ್ನು ಕೇಳಲಿಲ್ಲವಲ್ಲ ಎಂದು ನೆಮ್ಮದಿಯೂ ಆಯಿತು.

ಮತ್ತೆರಡು ತಿಂಗಳು ಅವರು ನನ್ನನ್ನು ಬರೀ ನಡೆಸಿದರು. ಆಮೇಲೆ ಓಡಿಸಿದರು. ಒಬ್ಬಳು ಹಿಡಿಯಲು ಬಂದರೆ ಹೇಗೆ ಬೀಳಬೇಕು ಎಂಬುದನ್ನು ಕೂಸಿಗೆ ಕಲಿಸುವಂತೆ ಮೊದಲಿನಿಂದ ಕಲಿಸಿದರು. ಮೊದಲ ದಾಳಿಗೆ ಇಳಿದ ದಿನವೂ ನನ್ನ ಸೊಂಟದ ಮೇಲೆಯೇ ಅವರ ಸಂಶಯದ ಕಣ್ಣು. ಮುಂದೆ ಎರಡು ವರ್ಷ ಆಡಿದೆ. ಮದುವೆಯಾಯಿತು, ಎರಡು ಮಕ್ಕಳನ್ನು ಎತ್ತಿ ಆಡಿಸಿದೆ.

ಅವರು ತೀರಿಕೊಂಡ ಸುದ್ದಿ ಕೇಳಿ ಅವರ ಊರು ಮೋರಟಗಿಗೆ ಹೋದೆ. ಅಂಗಳದಲ್ಲಿ ಅವರ ತಂಗಿಯ ಮಗಳು ನನ್ನ ಪಕ್ಕ ಬಂದು ಕುಳಿತಳು. “ಅವತ್ತು ಮಾಮಾ ನನ್ನ ಆಟ ನೋಡಿ ಆಡಿಸಿದ್ರೋ, ಸಂಬಂಧ ನೋಡಿ ಆಡಿಸಿದ್ರೋ? ಎಷ್ಟ ಸಲ ಕೇಳಿದ್ರೂ ಹೇಳಲಿಲ್ಲ. ಆ ಸೋಲಿನ ಮ್ಯಾಲ ನಾ ಮತ್ತ ಆಡಲೇ ಇಲ್ಲ” ಎಂದಳು.

ನನ್ನ ಬೆನ್ನ ವಿಷಯ ಅವಳಿಗೆ ಆಗ ಹೇಳಿದೆ. ನಾನು ಗೋಡೆ ಹಿಡಿಯದೆ ಏಳಲಾರದ ಸ್ಥಿತಿಯಲ್ಲಿದ್ದುದನ್ನೂ, ಉಳಿದವರಲ್ಲಿ ಅವಳೇ ಚಲೋ ಆಟಗಾರ್ತಿಯಾಗಿದ್ದುದನ್ನೂ ಹೇಳಿದೆ.

ಅವಳು ನನ್ನನ್ನೇ ದಿಟ್ಟಿಸಿದಳು. “ಮಾಮಾ ಬಾಯಿ ಬಿಡಲಿಲ್ಲ, ಖರೆ. ಇಷ್ಟು ವರ್ಷ ನಿನಗ ಹೇಳಾಕೇನಾಗಿತ್ತು?”