ಸೀದು ಹೋಗುತ್ತಿದ್ದ ಪಾತ್ರೆ

ಮಾರೇನಹಳ್ಳಿಯ ನಮ್ಮ ಮಹಡಿ ಮನೆಯ ಆಂಟಿ, ಸಿನಿಮಾದೊಳಗಿನವರನ್ನೂ ಮನೆಮಕ್ಕಳಂತೆ ಬೈಯುತ್ತಿದ್ದರು.

ನನ್ನ ಗಂಡ ತೀರಿಕೊಂಡಾಗ ಸೂತಕದ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆಂಟಿಯೇ ಅನ್ನ ಸಾರು ತಂದರು. "ಮೊದ್ಲು ತಿನ್ನು ಕಣೇ." ನಾನು ತಟ್ಟೆ ಮುಟ್ಟದಿದ್ದಾಗ ಮೊಬೈಲಿನಲ್ಲಿ ಸಿನಿಮಾ ಹಾಕಿದರು. ಮರಳುಗಾಡಿನಲ್ಲಿ ಸಿಕ್ಕಿಬಿದ್ದ ನಿರಾಶ್ರಿತರು, ಇದ್ದ ಒಂದೇ ಪಾತ್ರೆಯನ್ನು ಉರಿಯುವ ಒಲೆಯ ಮೇಲೆ ಬಿಟ್ಟು, ಅದರಲ್ಲಿ ಯಾರ ಊರಿನ ಅಡುಗೆ ಮಾಡಬೇಕೆಂದು ಕಿತ್ತಾಡುತ್ತಿದ್ದರು.

"ಸೀದು ಹೋಗ್ತಿದೆ, ನೋಡ್ಕೊಳ್ರೋ," ಎಂದು ಆಂಟಿ ಬೈದರು. ನಾನು ನಕ್ಕುಬಿಟ್ಟೆ. ನೆಂಟರಿಗೆ ಹೆದರಿ ಬಾಯಿ ಮುಚ್ಚಿಕೊಂಡೆ. ಆಂಟಿ ನನ್ನ ಕೈ ಸರಿಸಿ ತುತ್ತಿಟ್ಟರು.

ಮೊನ್ನೆ ಆಂಟಿ ತೀರಿಹೋದರು. ಅವರ ಮಗಳು ಊಟ ಬಿಟ್ಟು ಕೂತಿದ್ದಳು. ನಾನು ಅನ್ನ ಸಾರು ಹಿಡಿದು ಮಹಡಿ ಹತ್ತಿದೆ, ಅದೇ ಸಿನಿಮಾ ಹಾಕಿದೆ. ಆ ಜಗಳ ಬಂದಾಗ ಅವಳೇ, "ಸೀದು ಹೋಗ್ತಿದೆ, ನೋಡ್ಕೊಳ್ರೋ," ಎಂದು ತಟ್ಟೆ ಎಳೆದುಕೊಂಡಳು.