ದಕ್ಷಿಣಕ್ಕೆ ಮುಖ ಮಾಡಿದ ಸೋಲಾರು

ಮೂಡಲಪಾಳ್ಯದಿಂದ ಕೆಂಗೇರಿಯವರೆಗಿನ ತಾರಸಿಗಳಲ್ಲಿ ಶ್ರೀಶೈಲನ ಅಂಗಾಲಿನ ಕೀರ್ತಿ ಹಬ್ಬಿತ್ತು. ಸೋಲಾರ್ ವಾಟರ್ ಹೀಟರ್ ಕೂರಿಸಲು ಬಂದವನು ಮೆಟ್ಟಿಲ ತುದಿಯಲ್ಲಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಬರಿಗಾಲಲ್ಲಿ ತಾರಸಿಯನ್ನೊಂದು ಸುತ್ತು ತುಳಿಯುತ್ತಿದ್ದ. ಸೂರ್ಯನ ಏಳು ಕುದುರೆಗಳಲ್ಲಿ ಒಂದು ಕುಂಟಿದರೂ ಮೊದಲ ಸುದ್ದಿ ಇವನ ಹಿಮ್ಮಡಿಗೆ ಮುಟ್ಟುತ್ತದೆ ಎಂದು ಚಂದ್ರಾ ಲೇಔಟಿನ ಮೇಸ್ತ್ರಿಯೊಬ್ಬ ಆಣೆ ಹಾಕಿದ್ದ. ಗ್ರಹಣದ ದಿನವೂ ಇವನು ನಿಂತ ಜಾಗದಲ್ಲಿ ಬಿಸಿಲಿತ್ತೆಂದು ಕುರುಬರಹಳ್ಳಿಯವರು ಒಗ್ಗರಣೆ ಹಾಕಿದರು. ನಿಜ ಇಷ್ಟೇ: ಪಕ್ಕದ ಮನೆಯ ನೆರಳು ಬೆಳಗಿನಿಂದ ಎಲ್ಲೆಲ್ಲಿ ಬಿದ್ದಿತ್ತೆಂದು ನೆಲದ ಕಾವು ಹೇಳುತ್ತಿತ್ತು.

ಇಂಥ ಮಹಾಪುರುಷನನ್ನು ಹೇರೋಹಳ್ಳಿಯ ತಿಮ್ಮಯ್ಯನವರು ಒಂದೇ ಚಳಿಗಾಲದಲ್ಲಿ ಹೈರಾಣು ಮಾಡಿಬಿಟ್ಟರು.

ಅದು ಎರಡು ಸಾವಿರದ ಏಳರ ಡಿಸೆಂಬರ್. ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ತಿಮ್ಮಯ್ಯನವರು ಮೂರಂತಸ್ತಿನ ಮನೆ ಎಬ್ಬಿಸಿದ್ದರು. ಶ್ರೀಶೈಲ ತುಳಿದು, ಅಳೆದು, ಸೋಲಾರನ್ನು ದಕ್ಷಿಣಕ್ಕೆ ಕೂರಿಸಿ ಹೋದ. ಆರೇ ದಿನಕ್ಕೆ ನೀರು ಕಾಯುತ್ತಿಲ್ಲವೆಂದು ಫೋನ್ ಬಂತು. ಬಂದು ನೋಡಿದರೆ ಸೋಲಾರು ಸ್ಟ್ಯಾಂಡ್ ಸಮೇತ ಪೂರ್ವಕ್ಕೆ ತಿರುಗಿ ಕೂತಿದೆ. ದಕ್ಷಿಣ ಯಮನ ದಿಕ್ಕಂತೆ. ಸೂರ್ಯ ಹುಟ್ಟುವುದು ಪೂರ್ವದಲ್ಲಂತೆ. ವಾಸ್ತುವಿನವರು ಹೇಳಿದರಂತೆ.

ಶ್ರೀಶೈಲ ಸಹನೆಯಿಂದ ಬಿಡಿಸಿ ಹೇಳಿದ. ಗಾಜಿನ ಕೆಳಗೆ ಕಪ್ಪು ಬಳಿದ ತಾಮ್ರದ ತಗಡಿದೆ, ತಗಡಿಗೆ ಅಂಟಿ ಪೈಪುಗಳಿವೆ. ಬಿಸಿಲು ಗಾಜಿನೊಳಗೆ ಸಲೀಸಾಗಿ ನುಗ್ಗಿ ತಗಡನ್ನು ಕಾಯಿಸುತ್ತದೆ. ಆ ಕಾವು ಮಾತ್ರ, ಹಬ್ಬಕ್ಕೆ ಬಂದ ನೆಂಟನ ಹಾಗೆ, ಬೇಗ ಹೊರಡುವುದಿಲ್ಲ. ಕಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಮೋಟರಿಲ್ಲ, ಕರೆಂಟಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ನಡೆಯುವುದರಿಂದ ಸೋಲಾರಿನ ಮುಖವೂ ಅತ್ತಲೇ ಇರಬೇಕು. ಟ್ರೇನಿಂಗಿನಲ್ಲಿ ಕಲಿತ ಚರಿತ್ರೆಯನ್ನೂ ಅವನು ಬಿಡಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕರು ಚಳಿಗಾಲದ ಬಿಸಿಲು ಒಳಗೆ ಬರಲೆಂದು ದಕ್ಷಿಣಕ್ಕೇ ಮನೆ ಕಟ್ಟಿದರು. ಸ್ವಿಟ್ಜರ್ಲೆಂಡಿನ ಒಬ್ಬ ಪಂಡಿತ ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲನ್ನು ಹಿಡಿದು, ನೀರು ಕುದಿಯುವುದಕ್ಕೂ ಮೀರಿದ ಕಾವು ಕಂಡ. ನೂರು ವರ್ಷದ ಹಿಂದೆ ಈಜಿಪ್ಟಿನಲ್ಲಿ ಬಿಸಿಲಿನಿಂದಲೇ ಪಂಪು ಓಡಿಸಿ ಹೊಲಕ್ಕೆ ನೀರು ಹಾಯಿಸಿದರು.

ತಿಮ್ಮಯ್ಯನವರು ಎಲ್ಲವನ್ನೂ ಗಮನವಿಟ್ಟು ಕೇಳಿದರು.

"ಗ್ರೀಕರಿಗೆ ವಾಸ್ತು ಗೊತ್ತಿತ್ತೇನಯ್ಯ? ಅದಕ್ಕೇ ನೋಡು ರಾಜ್ಯ ಕಳ್ಕೊಂಡ್ರು."

ಶ್ರೀಶೈಲ ಹಲ್ಲು ಕಚ್ಚಿ ಸೋಲಾರನ್ನು ದಕ್ಷಿಣಕ್ಕೆ ತಿರುಗಿಸಿದ. ಅವನ ಬೈಕು ಗಲ್ಲಿ ದಾಟುವಷ್ಟರಲ್ಲಿ ತಿಮ್ಮಯ್ಯನವರು ಪೂರ್ವಕ್ಕೆ ತಿರುಗಿಸಿದರು. ಹೀಗೆ ಮೂರು ಸಲ ಸೋಲಾರು ತಿರುಗಿತು. ಮೂರು ಸಲವೂ ತಿಮ್ಮಯ್ಯನವರ ಹೆಂಡತಿ ವೆಂಕಟಲಕ್ಷ್ಮಮ್ಮ ತಣ್ಣೀರು ಸುರಿದುಕೊಂಡು, ನಡುಗುತ್ತಲೇ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯ ಮಾಲೀಕ ಕಿಟ್ಟಿಗೂ ತಾಳ್ಮೆ ತಪ್ಪಿತು. "ಹೇರೋಹಳ್ಳಿಯಿಂದ ಇನ್ನೊಂದು ಕಂಪ್ಲೇಂಟ್ ಬಂದ್ರೆ ಸ್ಪ್ಯಾನರ್ ಚೀಲ ಇಲ್ಲಿಟ್ಟು ನಿಮ್ಮೂರ ಸವದತ್ತಿ ಬಸ್ ಹತ್ತು ಗುರು" ಎಂದ. ಶ್ರೀಶೈಲನಿಗೆ ಆರು ವರ್ಷದಿಂದ ಬಂದದ್ದು ಇದೊಂದೇ ಕಸುಬು. ಅದನ್ನು ಮನಸಾರೆ ಪ್ರೀತಿಸುತ್ತಲೂ ಇದ್ದ, ಪಾಪ.

ನಾಲ್ಕನೆಯ ಸಲ ಅವನು ಗ್ರೀಕರನ್ನು ಕೈಬಿಟ್ಟ.

"ಗೌಡ್ರ, ಶಿವ ದಕ್ಷಿಣಾಮೂರ್ತಿ ಆಗಿ ಯಾ ಕಡೆ ಮಾರಿ ಮಾಡಿ ಕುಂತಾನ್ರಿ?"

"ದಕ್ಷಿಣಕ್ಕೆ."

"ಯಮ ಏನರ ಮಾಡ್ಯಾನೇನ್ರಿ ಅವಗ?"

ತಿಮ್ಮಯ್ಯನವರು ಅದೇ ಪ್ರಶ್ನೆಯನ್ನು ವಾಸ್ತುವಿನವರ ಮುಂದಿಟ್ಟರು. ಅವರೂ ಹಾಗಾದರೆ ದಕ್ಷಿಣಕ್ಕೇ ಇರಲಿ ಎಂದರು. ಸೋಲಾರು ದಕ್ಷಿಣಕ್ಕೆ ತಿರುಗಿ ನಿಂತಿತು. ಮರುದಿನ ಸಂಜೆ ವೆಂಕಟಲಕ್ಷ್ಮಮ್ಮ ನಲ್ಲಿಗೆ ಕೈಯೊಡ್ಡಿ ಸುಟ್ಟುಕೊಂಡು, ಪರಮ ಸಂತೋಷಪಟ್ಟರು. ಶ್ರೀಶೈಲ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಹನ್ನೆರಡನೆಯ ದಿನ ಮತ್ತೆ ಫೋನ್ ಬಂತು. ನೀರು ಉಗುರುಬೆಚ್ಚಗೂ ಇಲ್ಲ.

ಈ ಸಲ ಕಿಟ್ಟಿಯೇ ಜೊತೆಗೆ ಬಂದ. ದಾರಿಯುದ್ದಕ್ಕೂ ಗುಂಡಿ ಹಾರುವಾಗ ಬೈದದ್ದು ರಸ್ತೆಗೋ ಶ್ರೀಶೈಲನಿಗೋ ತಿಳಿಯಲಿಲ್ಲ. ತಾರಸಿ ಹತ್ತಿದರೆ ಸೋಲಾರು ದಕ್ಷಿಣಕ್ಕೇ ಇದೆ, ಒಂದಂಗುಲವೂ ಕದಲಿಲ್ಲ. ಆದರೆ ದಕ್ಷಿಣಾಮೂರ್ತಿಯನ್ನು ಬೋಳಾಗಿ ಬಿಡುವುದುಂಟೇ ಎಂದು ವೆಂಕಟಲಕ್ಷ್ಮಮ್ಮ ದಿನಾ ಮಿಂದು ಬಂದು ಗಾಜಿಗೆ ಅರಿಶಿನ ಬಳಿದಿದ್ದರು. ನಿನ್ನೆಯದರ ಮೇಲೆ ಇವತ್ತಿನದು, ಅದರ ಮೇಲೆ ಮೊಳದುದ್ದದ ವಿಭೂತಿ ಪಟ್ಟೆ, ಸಾಲು ಸಾಲು ಕುಂಕುಮ, ಎಡದಿಂದ ಬಲಕ್ಕೆ ಐದೆಳೆ ಸೇವಂತಿಗೆ ಹಾರ. ಅಂಗೈಯಗಲ ಗಾಜೂ ಬಿಸಿಲಿಗೆ ಉಳಿದಿರಲಿಲ್ಲ. ಅಕ್ಕಪಕ್ಕದ ಮನೆಯವರು ಪ್ರದಕ್ಷಿಣೆಗೆ ಬರತೊಡಗಿ, ಟ್ಯಾಂಕಿನ ಬುಡದಲ್ಲಿ ತೆಂಗಿನಕಾಯಿ ಚಿಪ್ಪುಗಳು ಬಿದ್ದಿದ್ದವು.

ಕಿಟ್ಟಿ ಅದೇನನ್ನೂ ನೋಡಲಿಲ್ಲ. ಸ್ಪ್ಯಾನರ್ ಚೀಲಕ್ಕಾಗಿ ಶ್ರೀಶೈಲನ ಮುಂದೆ ಕೈ ಚಾಚಿ ನಿಂತ.

ತಿಮ್ಮಯ್ಯನವರು ಅಡ್ಡ ಬಂದರು. ದೇವರನ್ನು ಇಲ್ಲಿ ಕೂರಿಸಿದವನು ಈ ಹುಡುಗ, ಮುನಿಸು ತೀರಿಸುವ ದಾರಿಯೂ ಇವನಿಗೇ ಗೊತ್ತಿರಬೇಕೆಂದು ಕಿಟ್ಟಿಗೆ ಹೇಳಿ, ಶ್ರೀಶೈಲನ ಕಡೆ ತಿರುಗಿ ಕೈ ಮುಗಿದರು. ಪ್ರದಕ್ಷಿಣೆಯವರೆಲ್ಲ ಅಲ್ಲಲ್ಲೇ ನಿಂತರು.

"ನಮ್ಮಿಂದ ಏನ್ ಲೋಪ ಆಗಿದೆ ಹೇಳಪ್ಪ. ಯಾವ ಪೂಜೆ ಬಾಕಿ ಇದೆ? ಹೋಮ ಬೇಕಾದ್ರೂ ಮಾಡಿಸ್ತೀನಿ."

"ಪೂಜಿ ಏನೂ ಬಾಕಿ ಇಲ್ರಿ ಗೌಡ್ರ" ಎಂದ ಶ್ರೀಶೈಲ. "ಗಾಜ ಒರಸ್ರಿ."